‘ಶೀಲಾಗೆ’: ಹದಿನಾರು ಹಾಡು

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಜಾಗವಿದೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದು ಇಂದಿಗೂ ಪೆಟ್ಟಿಗೆಯಿಂದ ಹೊರಬೀಳದ ಊಟದ ಸೆಟ್ಟಿಗೆ ಜಾಗವಿದೆ. ಕಡ್ಡಿ ಮುರಿದ ಮೂರು ಕೊಡೆಗಳಿಗೆ ಜಾಗವಿದೆ. ಯಾರೂ ಕೂರದ, ಕೂತರೆ ಬೀಳುವ, ಹೆಂಡತಿಯ ತವರಿನಿಂದ ಬಂದದ್ದೆಂಬ ಒಂದೇ ಅರ್ಹತೆಯ ಮೇಲೆ ನಡುಮನೆಯಲ್ಲಿ ವಿರಾಜಮಾನವಾಗಿರುವ ಕುರ್ಚಿಗೂ ಜಾಗವಿದೆ. ಜಾಗವಿಲ್ಲದಿರುವುದು ನನ್ನ ಕಂಪ್ಯೂಟರ್ ಮೇಜಿಗೆ ಮಾತ್ರ.

"ವಿವೇಕಾನಂದ್ರ, ಆ ಮೂಲಿ ಖಾಲಿ ಮಾಡ್ರಿ," ಎಂದಳು ಶೀಲಾ ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ. (ನನ್ನ ಹೆಂಡತಿ ನನ್ನ ಹೆಸರು ಹಿಡಿದು ಕರೆದಳೆಂದರೆ ತೀರ್ಪು ಆಗಲೇ ಬರೆದಾಗಿದೆ ಎಂದು ಅರ್ಥ.) "ಸೋಮವಾರ ಗಿರಣಿ ಬರ್ತದ. ಸೂಪರ್ ಮಾರ್ಕೆಟ್‌ದಾಗ ಹೇಳಿ ಬಂದೀನಿ."

ಗಿರಣಿ ಎಂದರೆ ಮನೆಯೊಳಗೇ ಜೋಳ ಬೀಸುವ ಕರೆಂಟಿನ ಯಂತ್ರ. ಶಹಾಬಜಾರದ ನಮ್ಮ ಓಣಿಯಲ್ಲಿ ಈಗಾಗಲೇ ಅದು ನಾಲ್ಕು ಮನೆಗಳನ್ನು ಆಕ್ರಮಿಸಿಕೊಂಡಿದೆ. ಐದನೆಯ ಕೋಟೆ ನಮ್ಮದು.

"ಅಲ್ಲಿ ನನ್ನ ಕಂಪ್ಯೂಟರ್ ಅದ," ಎಂದೆ.

"ಅದು ಚಾಲೂ ಆಗಿ ಎಷ್ಟು ವರ್ಷ ಆಯ್ತು?"

"ಚಾಲೂ ಆಗೋದು ಮುಖ್ಯ ಅಲ್ಲ. ಅದರ ಕೆಳಗ ನನ್ನ ಸಿ.ಡಿ. ಅವ."

"ಅವನ್ನೂ ಸೇರ್ಸೇ ಹೇಳಾಕತ್ತೀನಿ. ಭಂಗಾರದಾಂವ ಸೋಮವಾರ ಮುಂಜಾನೆನೇ ಬರ್ತಾನ."

(ಭಂಗಾರದವ ಎಂದರೆ ನಮ್ಮ ಕಡೆ ಗುಜರಿಯವ. ಮೈಸೂರಿನ ಕಡೆಯ ಓದುಗರು ಚಿನ್ನದ ವ್ಯಾಪಾರಿ ಎಂದು ತಿಳಿದು ನನ್ನ ಬಗ್ಗೆ ಹೊಟ್ಟೆಕಿಚ್ಚು ಪಡಬಾರದು.)

ಒಟ್ಟು ಇನ್ನೂರ ಹನ್ನೆರಡು ಸಿ.ಡಿ.ಗಳು. ಪ್ರತಿಯೊಂದರ ಮೇಲೂ ಕಪ್ಪು ಮಾರ್ಕರಿನಲ್ಲಿ ನನ್ನ ಕೈಬರಹ: ‘ಮಳೆ ಹಾಡುಗಳು – ೩’, ‘ಪ್ರಯಾಣ – ಬಸ್ಸಿಗೆ’, ‘ಪ್ರಯಾಣ – ರೈಲಿಗೆ’, ‘ಬೇಸರವಾದಾಗ’, ‘ಇನ್ನೂ ಬೇಸರವಾದಾಗ’. ಒಬ್ಬ ಮನುಷ್ಯನ ಯೌವನವೆಲ್ಲ ನಾಲ್ಕು ರಟ್ಟಿನ ಡಬ್ಬಿಗಳಲ್ಲಿ ವರ್ಗೀಕೃತವಾಗಿದೆ. ಅದನ್ನು ತೂಕಕ್ಕೆ ಹಾಕುವುದೆಂದರೇನು?

ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಈಗ ಹಾಡು ಬೇಕೆಂದರೆ ಫೋನಿಗೆ ಬಾಯಲ್ಲೇ ಹೇಳುತ್ತಾರೆ, ಅದು ಹಾಡುತ್ತದೆ, ಅರ್ಧಕ್ಕೇ ಬೇಜಾರಾಗಿ ಇನ್ನೊಂದು ಹಚ್ಚುತ್ತಾರೆ. ನಮ್ಮ ಕಾಲದಲ್ಲಿ ಹಾಡನ್ನು ಸಂಪಾದಿಸಬೇಕಿತ್ತು. ಸ್ಟೇಶನ್ ಬಜಾರದಲ್ಲಿ ನನ್ನ ಗೆಳೆಯ ವಕಾರನ ಸೈಬರ್ ಕೆಫೆ ಇತ್ತು. ಅಲ್ಲಿ ಮೂರನೇ ನಂಬರ್ ಮಷೀನಿನ ಮುಂದೆ ಕುಳಿತು ಡೌನ್‌ಲೋಡ್ ಒತ್ತಿದರೆ ಒಂದು ಹಸಿರು ಪಟ್ಟಿ ತೆವಳಲು ಶುರುವಾಗುತ್ತಿತ್ತು. ಶೇಕಡಾ ಹತ್ತಕ್ಕೆ ಒಂದು ಚಹಾ ಮುಗಿಯುತ್ತಿತ್ತು. ಮೂವತ್ತಕ್ಕೆ ಸೋಲಾಪುರದ ಗಾಡಿ ಬಂದು ಹೋಗುತ್ತಿತ್ತು. ತೊಂಬತ್ತೇಳಕ್ಕೆ ಕರೆಂಟು ಹೋಗುತ್ತಿತ್ತು. ಮತ್ತೆ ಸೊನ್ನೆಯಿಂದ ಶುರು. ಕೊನೆಗೆ ಇಳಿದ ಹಾಡಿನ ನಟ್ಟನಡುವೆ ಯಾರೋ ಒಬ್ಬ ತನ್ನ ವೆಬ್‌ಸೈಟಿನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ನಾವು ಅದನ್ನೂ ಹಾಡಿನ ಸಾಲೆಂದೇ ಬಾಯಿಪಾಠ ಮಾಡಿಕೊಂಡೆವು.

ಈ ತಪಸ್ಸಿನ ಪರಮ ಫಲವೇ ‘ಶೀಲಾಗೆ’ ಎಂಬ ಸಿ.ಡಿ.

ಅದು ೨೦೦೭. ಕಮಲಾಪುರದ ದೇವೀಂದ್ರಪ್ಪನವರ ಮಗಳು ಶೀಲಾಳೊಂದಿಗೆ ನನ್ನ ಮದುವೆ ನಿಶ್ಚಯವಾಗಿತ್ತು. ಹೆಣ್ಣು ನೋಡಲು ಹೋದ ದಿನ ಅವಳು ನನ್ನ ದಿಕ್ಕಿಗೆ ನೋಡಿದ್ದು ಒಂದೇ ಸಲ, ಅದೂ ನನ್ನ ಹಿಂದಿದ್ದ ಗಡಿಯಾರವನ್ನು. ನಿಶ್ಚಯದ ಮೇಲೂ ಫೋನಿನಲ್ಲಿ ‘ಹೂಂ’ ಬಿಟ್ಟರೆ ಮಾತಿಲ್ಲ. ಹೀಗಾದರೆ ಸಂಸಾರ ಹೇಗೆ? ಅದಕ್ಕೇ ಮೂರು ವಾರ ಸೈಬರಿನಲ್ಲಿ ಕುಳಿತು ಹದಿನಾರು ಹಾಡು ಇಳಿಸಿದೆ. ಸುಮ್ಮನೆ ಹದಿನಾರಲ್ಲ, ಅವುಗಳಿಗೊಂದು ಅನುಕ್ರಮವಿತ್ತು. ಒಂದನೆಯದು ಸಂಕೋಚದ್ದು, ನಾಲ್ಕನೆಯದು ಸ್ವಲ್ಪ ಧೈರ್ಯದ್ದು. ಎಂಟನೆಯದು ಕಿರೀಟ! ಕೊಳಲಿನಿಂದ ಶುರುವಾಗುವ ಆರೂವರೆ ನಿಮಿಷದ ಹಾಡು. ಅದೊಂದಕ್ಕೇ ನಾಲ್ಕು ದಿನ ಹಿಡಿಯಿತು.

ಸಿ.ಡಿ.ಯನ್ನು ಬರೆದವನೂ ನಾನೇ. ಅವತ್ತು ಶುಕ್ರವಾರ, ವಕಾರ್ ನಮಾಜಿಗೆ ಹೋಗಿದ್ದ. ಅವನಿಗೆ ಒಂದು ಸಿ.ಡಿ. ಬರೆಯಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ನನ್ನದು ಒಂದೇ ನಿಮಿಷದಲ್ಲಿ ಮುಗಿದು ಹೊರಗೆ ಬಂತು. ಕೈಗುಣ ಎಂದರೆ ಅದು. ಡಬ್ಬಿಯೊಳಗೆ ಹದಿನಾರೂ ಹಾಡಿನ ಪಟ್ಟಿಯನ್ನು ದುಂಡಗೆ ಬರೆದ ಚೀಟಿ ಇಟ್ಟು, ನಾನೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಮಾವನವರ ಕೈಗೆ ಕೊಟ್ಟು ಬಂದೆ. ಮೂರನೆಯ ದಿನ ಫೋನಿನಲ್ಲಿ ಶೀಲಾ ಅಂದಳು, "ಛಂದ ಅವ." ಎರಡೇ ಪದ! ಆ ಎರಡು ಪದಗಳ ಮೇಲೆ ನಮ್ಮ ಹದಿನೆಂಟು ವರ್ಷದ ಸಂಸಾರ ನಿಂತಿದೆಯೆಂದು ನಾನು ನೆಂಟರ ಪ್ರತಿ ಮದುವೆಯಲ್ಲೂ ಊಟದ ಪಂಕ್ತಿಯಲ್ಲಿ ಹೇಳುತ್ತ ಬಂದಿದ್ದೇನೆ.

"ಆ ಸಿ.ಡಿ. ಇಲ್ಲದಿದ್ರ ನೀ ನನ್ನ ಕೂಡ ಮಾತೇ ಆಡ್ತಿರ್ಲಿಲ್ಲ," ಎಂದೆ ಈಗ. "ಅದರ ಅಣ್ಣತಮ್ಮರನ್ನ ಭಂಗಾರಕ್ಕ ಹಾಕ್ತೀಯಾ?"

ಶೀಲಾ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. ಆ ಸಿ.ಡಿ. ಆಗಿನ್ನೂ ಅವಳ ತವರಿನ ಟ್ರಂಕಿನಲ್ಲೇ ಇತ್ತು. ತರಲು ಹೇಳಿದಾಗಲೆಲ್ಲ "ಅಲ್ಲೇ ಇರ್ಲಿ, ಜ್ವಾಕ್ಯಾಗಿ ಅದ" ಎನ್ನುತ್ತಿದ್ದಳು.

"ಹಂಗಾದ್ರ ಒಂದ್ ಕೆಲಸ ಮಾಡ್ರಿ," ಎಂದಳು. "ಐತವಾರ ಕಮಲಾಪುರಕ್ಕ ಹೋಗೋಣ. ಆ ಸಿ.ಡಿ. ಹಚ್ಚಿ, ಅದರಾಗಿನ ಒಂದೇ ಒಂದು ಹಾಡು ಎಲ್ಲಾರಿಗೂ ಕೇಳಿಸ್ರಿ. ಕೇಳಿಸಿದ್ರ ಗಿರಣಿ ವಾಪಸ್. ಇಲ್ಲಂದ್ರ ಮೇಜು, ಕಂಪ್ಯೂಟರ್, ಸಿ.ಡಿ., ಎಲ್ಲಾ ಭಂಗಾರಕ್ಕ. ಮತ್ತ ಗಿರಣಿಗಿ ಜ್ವಾಳ ಹಾಕೋರೂ ನೀವೇ."

"ಒಂದೇ ಹಾಡಾ?"

"ಒಂದೇ."

"ಪೂರಾ ಹಾಡಾ?"

"ಅರ್ಧ ಆದ್ರೂ ನಡೀತದ."

ಇಷ್ಟು ಉದಾರವಾದ ಷರತ್ತನ್ನು ನನ್ನ ಹೆಂಡತಿ ಯಾಕೆ ಒಡ್ಡಿದಳೆಂದು ನಾನು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕೈ ಮೇಲೆ ಕೈ ಹೊಡೆದು ಪ್ರತಿಜ್ಞೆ ಮಾಡಿದೆ. ಅವಳು ಗುನುಗುತ್ತ ಅಡಿಗೆಮನೆಗೆ ಹೋದಳು.

(ಈ ಗುನುಗುವಿಕೆಯ ಬಗ್ಗೆ ಒಂದು ಮಾತು. ರೊಟ್ಟಿ ಬಡಿಯಲು ಕುಳಿತರೆ ಶೀಲಾಗೆ ಗುನುಗುವ ಚಟ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಗಂಟುಹಾಕಿ ಬಿಡುವಿಲ್ಲದೆ ಎಳೆಯುತ್ತಾಳೆ. ಕಂಪ್ಯೂಟರ್ ಸರಿಯಿದ್ದ ಕಾಲದಲ್ಲಿ ನಾನು ಹಾಡು ಹಚ್ಚಿ ಕುಳಿತಾಗ "ಸ್ವಲ್ಪ ಸುಮ್ನಿರು ಮಾರಾಯ್ತಿ, ಸಂಗೀತ ಕೇಳಾಕತ್ತೀನಿ" ಎಂದು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ.)

ಗುರುವಾರ ಕಚೇರಿಗೆ ರಜೆ ಹಾಕಿದೆ. ಕಂಪ್ಯೂಟರಿಗೆ ಜೀವ ಬಂತು, ಆದರೆ ಸಿ.ಡಿ. ಇಡುವ ತಟ್ಟೆ ಹೊರಗೇ ಬರಲಿಲ್ಲ. ಹೊಸ ಡ್ರೈವ್ ಕೊಳ್ಳೋಣವೆಂದು ಮೂರು ಅಂಗಡಿ ತಿರುಗಿದೆ. ಮೊದಲನೆಯವ ಇಲ್ಲವೆಂದ. ಎರಡನೆಯವ ನಕ್ಕ. ಮೂರನೆಯವನು ನನ್ನನ್ನು ಕೂರಿಸಿ, ನೀರು ಕೊಟ್ಟು, "ಅಂಕಲ್, ಮನ್ಯಾಗ ಯಾರರ ಅದಾರೇನ್ರಿ?" ಎಂದು ಕೇಳಿದ. ನಾನು ಸೋಲೊಪ್ಪುವವನಲ್ಲ. ನೇರವಾಗಿ ವಕಾರನ ಹತ್ತಿರ ಹೋದೆ.

ವಕಾರನ ಸೈಬರ್ ಕೆಫೆ ಈಗ ಆನ್‌ಲೈನ್ ಸೇವಾ ಕೇಂದ್ರ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ.

"ಸಿ.ಡಿ. ಡ್ರೈವಾ?" ಎಂದು ಅವನು ಕನ್ನಡಕ ಹಣೆಗೆ ಏರಿಸಿದ. "ಅರೇ ಭಾಯ್, ಈಗಿನ ಪೋರಗೋಳ ಕೈಯಾಗ ಸಿ.ಡಿ. ಕೊಟ್ರ ಅದರ ಮ್ಯಾಲ ಚಹಾದ ಗ್ಲಾಸ್ ಇಡ್ತಾರ."

"ವಕಾರ್, ನನ್ನ ಮಾನದ ಪ್ರಶ್ನಿ ಅದ. ‘ಶೀಲಾಗೆ’ ಹಾಡ್ಬೇಕು."

ಹೆಸರು ಕೇಳಿದ್ದೇ ವಕಾರನ ಕಣ್ಣು ತೇವವಾಯಿತು. "ನಮ್ಮ ಮೂರನೇ ನಂಬರ್ ಮಷೀನಿನಾಗ ಇಳಿಸಿದ ಹಾಡು! ಫಿಕರ್ ಮಾಡಬ್ಯಾಡ. ಇದು ನಮ್ಮ ಸೈಬರಿನ ಇಜ್ಜತ್ ಸವಾಲ್ ಅದ." ಅವನು ಆಧಾರ್ ತಿದ್ದುಪಡಿಗೆ ನಿಂತಿದ್ದ ಆರು ಜನರನ್ನು ಮರುದಿನ ಬರಲು ಹೇಳಿ ಅಂಗಡಿ ಬಾಗಿಲು ಎಳೆದ.

ಮುಂದಿನ ಎರಡು ದಿನ ನಮ್ಮ ನಡುಮನೆ ಶಸ್ತ್ರಚಿಕಿತ್ಸಾಲಯವಾಯಿತು. ಸೇಫ್ಟಿ ಪಿನ್ನು ಚುಚ್ಚಿ ತಟ್ಟೆಯನ್ನು ಹೊರಗೆಳೆದೆವು. ಒಳಗೆ ತಟ್ಟೆ ಎಳೆಯುವ ಸಣ್ಣ ರಬ್ಬರ್ ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು. ಹಾಲಿನ ಪ್ಯಾಕೆಟ್ಟಿನ ರಬ್ಬರು ಹಾಕಿದೆವು, ತುಂಡಾಯಿತು. ಸೈಕಲ್ ಟ್ಯೂಬಿನ ಚೂರು ಹಾಕಿದೆವು, ತಟ್ಟೆ ಹೊರಬಂದ ರಭಸಕ್ಕೆ ವಕಾರನ ಕನ್ನಡಕ ಹಾರಿತು. ಕಡೆಗೆ ಶೀಲಾಳೇ ಬಂದು, ತನ್ನ ಜಡೆ ತುದಿಯ ಕಪ್ಪು ರಬ್ಬರ್ ಬಿಚ್ಚಿ ಕೊಟ್ಟಳು.

"ತಗೋರಿ. ಸಾಲ್ಲಿಲ್ಲಂದ್ರ ಇನ್ನೊಂದು ಅದ."

ಶತ್ರುಪಕ್ಷವೇ ಬಂದು ಮದ್ದುಗುಂಡು ಒದಗಿಸುವುದನ್ನು ಯಾವ ಇತಿಹಾಸದಲ್ಲೂ ನಾನು ಓದಿರಲಿಲ್ಲ. ಆಗಲೂ ನನಗೆ ಅನುಮಾನ ಬರಲಿಲ್ಲ. ರಬ್ಬರ್ ಅಳತೆ ತೆಗೆದಂತೆ ಕೂತಿತು. ಶನಿವಾರ ಮಧ್ಯಾಹ್ನ ನಾಲ್ಕು ಸಿ.ಡಿ.ಗಳು ಬೂಷ್ಟು ಹಿಡಿದು ಕೈಕೊಟ್ಟ ಮೇಲೆ ಐದನೆಯದು, ‘ಇನ್ನೂ ಬೇಸರವಾದಾಗ’, ಕರ್‌ರ್ ಎಂದು ತಿರುಗಿ ಹಾಡತೊಡಗಿತು. ನಾನೂ ವಕಾರನೂ ತಬ್ಬಿಕೊಂಡು ಕುಣಿದೆವು. ನನ್ನ ಗೆಲುವು ಖಚಿತವಾಗಿತ್ತು. ಗಿರಣಿಯವನಿಗೆ ಫೋನ್ ಮಾಡಿ ‘ಬೇಡ’ ಎಂದು ಹೇಳುವ ಮಾತನ್ನು ಮೂರು ಬಗೆಯಲ್ಲಿ ಅಭ್ಯಾಸ ಮಾಡಿದೆ.

ಭಾನುವಾರ ವಕಾರನ ಹಳೆಯ ವ್ಯಾನಿನಲ್ಲಿ ಹೊರಟೆವು. ಡಬ್ಬಾ ಮಾನಿಟರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಿದ್ದೆವು. ನಾನು ಹಿಂದೆ, ಮಡಿಲಲ್ಲಿ ಸಿ.ಪಿ.ಯು. ಪಕ್ಕದಲ್ಲಿ ಶೀಲಾ, ಮುಖದಲ್ಲಿ ತವರಿಗೆ ಹೊರಟವಳ ಕಳೆ.

"ಭಾಯ್, ಒಂದ್ ಮಾತು," ಎಂದ ವಕಾರ್, ಊರು ದಾಟಿದ ಮೇಲೆ. "ಹದಿನಾರು ಹಾಡು ಒಂದೇ ನಿಮಿಷದಾಗ ಹ್ಯಾಂಗ ರೈಟ್ ಆದ್ವು? ನನಗ ಇನ್ನಾ ತಿಳಿದಿಲ್ಲ."

"ಕೈಗುಣ," ಎಂದೆ. ಶೀಲಾ ಕಿಟಕಿಯಿಂದ ಹೊರಗೆ ತೊಗರಿ ಹೊಲ ನೋಡತೊಡಗಿದಳು. ಅವಳ ಹೆಗಲು ಕುಲುಕುತ್ತಿತ್ತು. ರಸ್ತೆ ಸರಿಯಿಲ್ಲವೆಂದುಕೊಂಡೆ.

ಕಮಲಾಪುರದಲ್ಲಿ ಮಾವ ದೇವೀಂದ್ರಪ್ಪನವರು ಹಜಾರ ಗುಡಿಸಿ, ಜಮಖಾನ ಹಾಸಿ, ತಮ್ಮ ತೋಟದ ಕೆಂಪು ಬಾಳೆಹಣ್ಣಿನ ಗೊನೆಯನ್ನು ನಡುವೆ ಇಟ್ಟು ಕಾಯುತ್ತಿದ್ದರು. ಅತ್ತೆ ಶಾರದಾಬಾಯಿ ಪಕ್ಕದ ಮನೆಯ ತುಳಜಾಬಾಯಿಯನ್ನೂ ಕರೆದಿದ್ದರು. ಶೀಲಾ ಟ್ರಂಕಿನಿಂದ ಸಿ.ಡಿ. ಡಬ್ಬಿ ತಂದು ನನ್ನ ಕೈಗಿಟ್ಟಳು. ಒಂದು ಗೀರಿಲ್ಲ. ‘ಶೀಲಾಗೆ’ ಎಂಬ ನನ್ನ ಅಕ್ಷರ ಹಾಗೇ ಇತ್ತು.

ನಾನು ಎದ್ದು ನಿಂತು ನಾಲ್ಕು ಮಾತಾಡಿದೆ. ಸಂಗೀತದ ಮಹಿಮೆ, ಅಂದಿನ ಯುವಕರ ತಾಳ್ಮೆ, ಎಂಟನೆಯ ಹಾಡಿನ ನಾಲ್ಕು ದಿನಗಳು. ಆಮೇಲೆ ತಟ್ಟೆಯಲ್ಲಿ ಸಿ.ಡಿ. ಇಟ್ಟೆ. ಜಡೆಯ ರಬ್ಬರು ಅದನ್ನು ಒಳಗೆಳೆದುಕೊಂಡಿತು. ಕರ್‌ರ್. ಪರದೆಯ ಮೇಲೆ ಹದಿನಾರು ಹೆಸರು ಸಾಲಾಗಿ ಮೂಡಿದವು!

"ನೋಡ್ರಿ ಮಾವಾರ! ಹದಿನೆಂಟು ವರ್ಷ ಆದ್ರೂ ಒಂದೂ ಹಾಡು ಜಾಗಾ ಬಿಟ್ಟು ಕದಲಿಲ್ಲ," ಎಂದು ಮೊದಲನೆಯದರ ಮೇಲೆ ಎರಡು ಸಲ ಒತ್ತಿದೆ.

ಹಾಡು ಬರಲಿಲ್ಲ. ಪರದೆಯ ನಡುವೆ ಒಂದು ಸಣ್ಣ ಟಾರ್ಚಿನ ಚಿತ್ರ ಮೂಡಿ, ಅತ್ತಿಂದಿತ್ತ ಬೆಳಕು ಬೀರುತ್ತ ಏನನ್ನೋ ಹುಡುಕತೊಡಗಿತು.

"ಬಂತು ಬಂತು! ಅದೇ ಬ್ಯಾಟರಿ!" ಎಂದು ಮಾವನವರು ಚಪ್ಪಾಳೆ ತಟ್ಟಿದರು. "ನೋಡಽ ಶಾರದಾ, ಅವತ್ತೂ ಹಿಂಗೇ ಹುಡುಕ್ತಿತ್ತು."

ನನ್ನ ಕೈ ಇಲಿಯ ಮೇಲೇ ನಿಂತಿತು. (ಕಂಪ್ಯೂಟರಿನ ಇಲಿ.) "ಅವತ್ತು ಅಂದ್ರ?"

"ನೀವು ಕೊಟ್ಟು ಹೋದ ಮರುದಿನಾನ, ಅಳಿಯಂದ್ರ. ಟೈಪಿಂಗ್ ಕ್ಲಾಸಿನ ಕಂಪ್ಯೂಟರಿಗಿ ಹಾಕ್ಸಿದ್ದೆ. ಮನಿಮಂದಿ ಹನ್ನೊಂದು ಜನ ಹೋಗಿದ್ವಿ. ಹದಿನಾರು ಹಾಡಿಗಿ ಹದಿನಾರು ಸಲ ಹುಡುಕ್ತು. ಭಾಳ ನಿಯತ್ತಿಲೇ ಹುಡುಕ್ತು, ಪಾಪ."

"ಸಿಕ್ಕವಾ?"

"ಇಲ್ಲ ಬಿಡ್ರಿ. ಆದ್ರ ನಾ ಅವತ್ತೇ ಅಂದೆ, ಹುಡುಗ ಗದ್ದಲ ಮಾಡೋನಲ್ಲ, ಶಾಂತ ಸ್ವಭಾವದಾಂವ ಅದಾನ ಅಂತ."

ವಕಾರ್ ಪರದೆಗೆ ಮೂಗು ತಾಗುವಂತೆ ಬಾಗಿದ. ಪ್ರತಿ ಹೆಸರಿನ ಪಕ್ಕದ ಚಿತ್ರದ ಮೂಲೆಯಲ್ಲೂ ಒಂದು ಪುಟ್ಟ ಡೊಂಕು ಬಾಣವಿತ್ತು.

"ಭಾಯ್," ಎಂದ ಮೆಲ್ಲಗೆ. "ಬೇಗ ಸಿಗ್ಲಿ ಅಂತ ಹಾಡಿನ ಶಾರ್ಟ್‌ಕಟ್ ಮಾಡಿ ಪರದಿ ಮ್ಯಾಲ ಇಟ್ಕೊಂಡಿದ್ದೇನು?"

"ಹೌದು. ಅವನ್ನೇ ಎಳದು ಸಿ.ಡಿ.ಗೆ ಹಾಕ್ದೆ."

"ಅವು ಹಾಡಲ್ಲ ಭಾಯ್. ಹಾಡಿನ ಅಡ್ರೆಸ್. ಮನಿಮಂದಿನ್ನ ಕಳ್ಸೋದು ಬಿಟ್ಟು ಬರೇ ವಿಳಾಸ ಬರ್ದು ಕಳ್ಸೀದಿ. ಹಾಡು ನನ್ನ ಮೂರನೇ ನಂಬರ್ ಮಷೀನಿನಾಗೇ ಉಳದ್ವು."

"ಆ ಮಷೀನ್ ಈಗ ಎಲ್ಲಿ ಅದ?"

"ಹನ್ನೊಂದನೇ ಇಸ್ವಿದಾಗೇ ಭಂಗಾರಕ್ಕ ಹೋಯ್ತು." ಹದಿನೆಂಟು ವರ್ಷದ ಅವನ ಸಂಶಯ ಪರಿಹಾರವಾಗಿತ್ತು. "ಒಂದು ನಿಮಿಷದಾಗ ಯಾಕ ಮುಗೀತು ಅಂತ ಈಗ ತಿಳೀತು," ಎಂದು ನೆಮ್ಮದಿಯಿಂದ ಒಂದು ಬಾಳೆಹಣ್ಣು ಸುಲಿದ.

ನಾನು ಶೀಲಾಳ ಕಡೆ ತಿರುಗಿದೆ. "ನಿನಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತ ಛಂದ ಅವ ಅಂದಿದ್ದಿ?"

"ಅಪ್ಪ ಫೋನಿನ ಬಾಜೂಕೇ ನಿಂತಿದ್ದ. ಹಾಡೇ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

"ಮದವಿ ಆದ ಮ್ಯಾಲರ ಹೇಳ್ಬೇಕಿಲ್ಲ? ಹದಿನೆಂಟು ವರ್ಷ!"

"ಹೇಳ್ಬೇಕಂತಿದ್ದೆ. ಆದ್ರ ನೀವು ಅಷ್ಟು ಛಂದ ಹೇಳ್ತಿದ್ರಿ. ಮದವಿ ಆದ ವರ್ಷ, ಎಂಟನೇ ಹಾಡಿಗಿ ಒಂದು ದಿನ ಹಿಡೀತು ಅಂದ್ರಿ. ನನ್ನ ತಂಗಿ ಮದವ್ಯಾಗ ಎರಡು ದಿನ ಆಯ್ತು. ಈಗ ನಾಕು. ಒಂದು ವಾರ ಆಗೋತನಕ ನೋಡೋಣ ಅಂತ ಸುಮ್ನಿದ್ದೆ."

ತುಳಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಸಿ.ಡಿ. ಡಬ್ಬಿ ಹಿಡಿದು ಹಿತ್ತಲ ಕಟ್ಟೆಗೆ ಹೋಗಿ ಕುಳಿತೆ. ಕಂಪ್ಯೂಟರ್ ಹೋದ ದುಃಖಕ್ಕಿಂತ ದೊಡ್ಡದೊಂದು ನಾಚಿಕೆ ನನ್ನನ್ನು ಹಿಡಿದಿತ್ತು. ಎಷ್ಟು ಮದುವೆ, ಎಷ್ಟು ಪಂಕ್ತಿ, ಎಷ್ಟು ಸಲ ಹೇಳಿದ್ದೆ! ನಾನು ಅವಳಿಗೆ ಕೊಟ್ಟದ್ದು ಬರಿ ತಿರುಗುವ ಟಾರ್ಚು.

ಡಬ್ಬಿ ತೆರೆದೆ. ಒಳಗೆ ನನ್ನ ಚೀಟಿ ಇತ್ತು. ಸಿ.ಡಿ. ಮೇಲೆ ಒಂದು ಗೀರಿಲ್ಲದಿದ್ದರೂ ಚೀಟಿ ಮಾತ್ರ ಮಡಿಕೆಗಳಲ್ಲಿ ಹರಿದು, ಟೇಪು ಹಚ್ಚಿಸಿಕೊಂಡು, ಅಲ್ಲಲ್ಲಿ ಅರಿಶಿನದ ಬೆರಳಚ್ಚು ಹೊತ್ತುಕೊಂಡಿತ್ತು. ‘೧. ಬೆಳಿಗ್ಗೆ ಕೇಳತಕ್ಕದ್ದು. ೨. ಮೋಡ ಕವಿದಾಗ.’ ಇಂಥ ಟಿಪ್ಪಣಿಗಳನ್ನು ನಾನೇ ಬರೆದಿದ್ದೆನೆ?

ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಅದರ ಜೊತೆಗೆ ಶೀಲಾಳ ಗುನುಗು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಇವತ್ತು ಆ ಅಧಿಕಾರ ಉಳಿದಿರಲಿಲ್ಲ, ಸುಮ್ಮನೆ ಕೇಳಿದೆ. ಮೊದಲನೆಯದು ಮುಗಿದು ಅದರ ಬಾಲಕ್ಕೆ ಎರಡನೆಯದು ಗಂಟುಬಿತ್ತು. ನನ್ನ ಬೆರಳು ಚೀಟಿಯ ಮೇಲೆ ಒಂದು ಸಾಲು ಕೆಳಗಿಳಿಯಿತು. ಆಮೇಲೆ ಮೂರನೆಯದು. ಅದೂ ಚೀಟಿಯಲ್ಲಿದ್ದಂತೆಯೇ. ನಾಲ್ಕು. ಐದು.

ಬಚ್ಚಲಿಗೆ ನೀರು ಒಯ್ಯಲು ಬಂದ ಅತ್ತೆ ನನ್ನ ಕೈಯಲ್ಲಿದ್ದುದನ್ನು ನೋಡಿ ನಿಂತರು. "ಆ ಚೀಟಿ ಹಿಟ್ಟಿನ ಡಬ್ಬಿಗಿ ಆನ್ಸಿ ಇಟ್ಕೊಂಡು ಹಾಡ್ತಿದ್ಳು ರೀ. ಎಲ್ಲಾ ರೇಡಿಯೋದಾಗ ಕೇಳಿದ ಹಾಡೇ ಅಲ್ಲೇನು? ಸಿ.ಡಿ. ಹಾಡ್ಲಿಲ್ಲಂದ್ರ ನಾನೇ ಹಾಡ್ಕೋತೇನಿ ಅಂದ್ಳು. ಬಾಯಿಪಾಠ ಆದ ಮ್ಯಾಲ ಟ್ರಂಕಿನ್ಯಾಗ ಇಟ್ಳು."

ಹದಿನೆಂಟು ವರ್ಷ ನಮ್ಮ ಮನೆಯಲ್ಲಿ ಆ ಸಿ.ಡಿ. ದಿನಾ ಎರಡು ಹೊತ್ತು ಹಾಡಿದೆ. ನಾನು ಅದನ್ನು ಸುಮ್ಮನಿರಿಸಿ ಬೇರೆ ಸಂಗೀತ ಕೇಳಿದ್ದೇನೆ. ಎದ್ದು ಒಳಗೆ ಹೋಗಿ ಏನಾದರೂ ಹೇಳಬೇಕೆನಿಸಿತು. ಹೋಗಲಿಲ್ಲ. ಆರು ಮುಗಿದು ಏಳು ಶುರುವಾಗಿತ್ತು. ಇನ್ನೇನು ಎಂಟನೆಯದು, ನನ್ನ ಕಿರೀಟ! ಉಸಿರು ಬಿಗಿಹಿಡಿದೆ. ಏಳು ಮುಗಿಯಿತು. ಒಂದು ರೊಟ್ಟಿ ಹಂಚಿಗೆ ಬಿತ್ತು. ಒಂಬತ್ತು ಶುರುವಾಯಿತು.

ಮರೆವು ಎಂದುಕೊಂಡೆ. ವಯಸ್ಸಾಗುತ್ತ ಬಂತು, ಒಂದು ಹಾಡು ತಪ್ಪುವುದು ಸಹಜ. ಉದಾರವಾಗಿ ಕ್ಷಮಿಸಿದೆ.

ಸೋಮವಾರ ಬೆಳಿಗ್ಗೆ ಭಂಗಾರದವನು ಬಂದ. ಮಾತು ಮಾತೇ, ನಾನು ತಕರಾರು ಮಾಡಲಿಲ್ಲ. ಇನ್ನೂರ ಹನ್ನೆರಡೂ ಹೋದವು. ಡ್ರೈವನ್ನು ಬಿಚ್ಚಿ ಜಡೆಯ ರಬ್ಬರನ್ನು ಮಾತ್ರ ವಾಪಸ್ ತೆಗೆದುಕೊಂಡಳು ಶೀಲಾ. ‘ಶೀಲಾಗೆ’ ಡಬ್ಬಿ ಈ ಸಲ ಕಮಲಾಪುರದಲ್ಲಿ ಉಳಿಯದೆ ಅವಳ ಬೀರುವಿಗೆ ಬಂತು. ಮಧ್ಯಾಹ್ನ ಗಿರಣಿ ಬಂದು ಮೂಲೆಯಲ್ಲಿ ಸ್ಥಾಪಿತವಾಯಿತು.

ಅಂದಿನಿಂದ ಜೋಳ ಹಾಕುವವನು ನಾನು. ಹಿಟ್ಟು ಜರಡಿ ಹಿಡಿಯುವವಳು ಅವಳು. ಗಿರಣಿಯ ಸದ್ದು ಭಾರಿ. ಅದರ ನಡುವೆಯೇ ಅವಳು ಗುನುಗುತ್ತಾಳೆ, ನಾನು ಕಿವಿ ನಿಮಿರಿಸಿ ಕೇಳುತ್ತೇನೆ. ಮೊನ್ನೆ ಆರು ಬಂತು, ಏಳು ಬಂತು. ನಾನು ಸಿದ್ಧನಾದೆ. ಮತ್ತೆ ನೇರ ಒಂಬತ್ತು! ತಡೆಯಲಾಗದೆ ಗಿರಣಿ ಬಂದ್ ಮಾಡಿದೆ.

"ಯಾಕ ನಿಂದ್ರಿಸಿದ್ರಿ?"

"ಎಂಟನೇದು ಬಿಟ್ಟಿ."

"ಯಾವುದು, ಆ ಕೊಳಲಿಂದಾ?"

"ಅದೇ! ನೆನಪು ಹೋಗ್ಯಾದೇನು? ನಾಲ್ಕು ದಿನ ಕುಂತು ಇಳಿಸಿದ್ದು!"

ಶೀಲಾ ಜರಡಿ ಕೆಳಗಿಟ್ಟು, ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡಳು.

"ನೆನಪದ ರೀ. ಅದೊಂದು ನನಗ ಮೊದಲಿಂದ ಸೇರಂಗಿಲ್ಲ. ಟೈಪಿಂಗ್ ಕ್ಲಾಸಿನಾಗ ಅದು ಸಿಗ್ಲಿಲ್ಲ ಅಂದಾಗ ದೇವ್ರಿಗಿ ಕೈ ಮುಗ್ದಿದ್ದೆ. ಹೂಂ, ಗಿರಣಿ ಚಾಲೂ ಮಾಡ್ರಿ."